ಕೌದಿ ಹೊಲಿಯಲು ಸ್ಪ್ರೇ ಅಂಟು: ಗರ್ಭಕ್ಕೆ ಅಪಾಯ ಎಂಬ ಫಾರ್ವರ್ಡ್ ನಿಜವೇ?

ಜೆ.ಪಿ. ನಗರದ ಓದುಗರೊಬ್ಬರು ನಮಗೆ ಎರಡು ವಾಟ್ಸಾಪ್ ಸಂದೇಶ ಕಳಿಸಿ, ಯಾವುದನ್ನು ನಂಬಲಿ ಎಂದು ಕೇಳಿದ್ದಾರೆ. ಅವರ ಮಗಳು ಏಳು ತಿಂಗಳ ಬಸುರಿ. ಹುಟ್ಟಲಿರುವ ಮೊಮ್ಮಗುವಿಗೆ ತಮ್ಮ ತಾಯಿಯ ಹಳೇ ಕಾಟನ್ ಸೀರೆಗಳಿಂದ ಒಂದು ಕೌದಿ ಹೊಲಿಯುವ ಆಸೆ ಅವರದು. ಆದರೆ ಮಂಡಿನೋವು, ನೆಲದ ಮೇಲೆ ಕೂತು ಕಚ್ಚಾ ಹೊಲಿಗೆ ಹಾಕಲು ಆಗುವುದಿಲ್ಲ. ಯೂಟ್ಯೂಬ್ ನೋಡಿ ಸ್ಪ್ರೇ ಅಂಟಿನ ಡಬ್ಬಿಯೊಂದನ್ನು ತರಿಸಿದ್ದಾರೆ. ಅಷ್ಟರಲ್ಲಿ ಬಂತು ಮೊದಲ ಸಂದೇಶ: ಸ್ಪ್ರೇ ಗಮ್ ಗರ್ಭದಲ್ಲಿರುವ ಮಗುವಿನ ವರ್ಣತಂತುಗಳನ್ನೇ ಮುರಿಯುತ್ತದೆ, ಅಮೆರಿಕದಲ್ಲಿ ಇದು ನಿಷೇಧ ಎಂದು. ಅದನ್ನು ತಳ್ಳಿಹಾಕಲು ಇನ್ನೊಬ್ಬರು ಕಳಿಸಿದ್ದು ಎರಡನೆಯದು: ಭಯ ಬೇಡ, ಎಲ್ಲ ಸ್ಪ್ರೇ ಗಮ್ಮೂ ಒಂದೇ, ಹಾರ್ಡ್‌ವೇರ್ ಅಂಗಡಿಯ ಅಗ್ಗದ ಡಬ್ಬಿಯೇ ಸಾಕು, ಒಮ್ಮೆ ಒಗೆದರೆ ಹೋಗುತ್ತದೆ ಎಂದು.

ಎರಡೂ ತಪ್ಪು. ಆದರೆ ಮೊದಲನೆಯದು ಪೂರ್ತಿ ಗಾಳಿಮಾತಲ್ಲ, ಅದರ ಹಿಂದೆ 50 ವರ್ಷ ಹಳೆಯ ಘಟನೆಯೊಂದಿದೆ.

1973ರ ಆಗಸ್ಟ್‌ನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಕೆಲವು ಸ್ಪ್ರೇ ಅಂಟುಗಳ ಮಾರಾಟವನ್ನು ನಿಜವಾಗಿಯೂ ನಿಷೇಧಿಸಿತ್ತು. ಬಣ್ಣದ ಫಾಯಿಲ್ ಹಾಳೆ ಅಂಟಿಸಿ ಚಿತ್ರ ಮಾಡುವುದು ಆಗ ಅಲ್ಲಿ ಮನೆಮನೆಯ ಹವ್ಯಾಸ. ಈ ಅಂಟು ಬಳಸಿದವರ ರಕ್ತಕಣಗಳಲ್ಲಿ ವರ್ಣತಂತುಗಳು ಮುರಿದಿವೆ, ಹುಟ್ಟಿದ ಮಕ್ಕಳಲ್ಲಿ ದೋಷಗಳಿವೆ ಎಂದು ಒಕ್ಲಹೋಮ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ತಿಳಿಸಿದ್ದರು. ಅದು ಇನ್ನೂ ಆರಂಭದ ಹಂತದ ಮಾಹಿತಿ. ಬೇರೆ ವಿಜ್ಞಾನಿಗಳು ಪರಿಶೀಲಿಸಿದಾಗ ಆ ಫಲಿತಾಂಶ ಸಿಗಲಿಲ್ಲ. 1974ರ ಆರಂಭದಲ್ಲಿ ಆಯೋಗ ನಿಷೇಧವನ್ನು ಹಿಂತೆಗೆದುಕೊಂಡಿತು. ಆದರೆ ಆ ನಡುವಿನ ತಿಂಗಳುಗಳಲ್ಲಿ ಹೆದರಿದ ಗರ್ಭಿಣಿಯರು ವೈದ್ಯರ ಬಳಿಗೆ ಓಡಿದರು, ಕೆಲವರು ಗರ್ಭಪಾತವನ್ನೂ ಮಾಡಿಸಿಕೊಂಡರು ಎಂದು ಆಮೇಲೆ ವರದಿಯಾಯಿತು. ಫಾರ್ವರ್ಡ್‌ನಲ್ಲಿ ಬಂದದ್ದು ಕಥೆಯ ಮೊದಲರ್ಧ ಮಾತ್ರ. ನಿಷೇಧ ತೆಗೆದದ್ದನ್ನು ಯಾರೂ ಹತ್ತು ಜನಕ್ಕೆ ಕಳಿಸುವುದಿಲ್ಲ.

ಹಾಗೆಂದು ಮಗಳ ಪಕ್ಕದಲ್ಲೇ ಕೂತು ಸ್ಪ್ರೇ ಮಾಡಬಹುದೇ? ಬೇಡ. ಕಾರಣ ಬೇರೆ.

ಡಬ್ಬಿಯೊಳಗೆ ಏನಿರುತ್ತದೆ?

ಮೂರು ವಸ್ತು. ಅಂಟು, ಅದನ್ನು ನೀರಾಗಿಸುವ ದ್ರಾವಕ, ಹೊರಕ್ಕೆ ತಳ್ಳುವ ಅನಿಲ. ಸ್ಪ್ರೇ ಮಾಡಿದಾಗ ದ್ರಾವಕ ಮತ್ತು ಅನಿಲ ಗಾಳಿಗೆ ಸೇರುತ್ತವೆ, ಅಂಟು ಬಟ್ಟೆಯ ಮೇಲೆ ಉಳಿಯುತ್ತದೆ. ನಾವು ಅಂಟಿನ ಬಗ್ಗೆ ಚಿಂತಿಸುತ್ತೇವೆ. ಚಿಂತಿಸಬೇಕಾದದ್ದು ಗಾಳಿಗೆ ಹೋದದ್ದರ ಬಗ್ಗೆ.

ಡಬ್ಬಿಯ ಮೇಲೆ ದೊಡ್ಡದಾಗಿ ‘ಸಿಎಫ್‌ಸಿ ಇಲ್ಲ, ಓಜೋನ್ ಸ್ನೇಹಿ’ ಎಂದಿರುತ್ತದೆ. ಅದನ್ನು ಓದಿ ‘ಹಾಗಾದರೆ ಸೇಫ್’ ಎಂದುಕೊಳ್ಳುವವರು ಬಹಳ. ಸ್ವಾರಸ್ಯ ಇರುವುದೇ ಇಲ್ಲಿ. ಸಿಎಫ್‌ಸಿ ಓಜೋನ್ ಪದರಕ್ಕೆ ಕೆಟ್ಟದ್ದು, ಆದರೆ ಅದಕ್ಕೆ ಬೆಂಕಿ ಹತ್ತುತ್ತಿರಲಿಲ್ಲ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಅದು ಮರೆಯಾಯಿತು. ಇಂದಿನ ಬಹುತೇಕ ಸ್ಪ್ರೇ ಡಬ್ಬಿಗಳಲ್ಲಿ ಇರುವುದು ಪ್ರೋಪೇನ್, ಬ್ಯುಟೇನ್ ಅಥವಾ ಡೈಮೀಥೈಲ್ ಈಥರ್. ನಿಮ್ಮ ಅಡುಗೆಮನೆಯ ಸಿಲಿಂಡರಿನಲ್ಲಿರುವುದೂ ಪ್ರೋಪೇನ್-ಬ್ಯುಟೇನ್ ಮಿಶ್ರಣವೇ. ಒಂದೇ ವ್ಯತ್ಯಾಸ, ಸಿಲಿಂಡರ್ ಸೋರಿದರೆ ಗೊತ್ತಾಗಲಿ ಎಂದು ಅಡುಗೆ ಅನಿಲಕ್ಕೆ ಕೆಟ್ಟ ವಾಸನೆ ಬೆರೆಸಿರುತ್ತಾರೆ. ಸ್ಪ್ರೇ ಡಬ್ಬಿಯ ಅನಿಲಕ್ಕೆ ಆ ವಾಸನೆ ಇರುವುದಿಲ್ಲ. ‘ವಾಸನೆಯೇ ಇಲ್ಲ’ ಎಂದು ಹೊಗಳಿ ಮಾರುವ ಡಬ್ಬಿಯಲ್ಲೂ ಉರಿಯುವ ಅನಿಲ ಇರಬಹುದು. ಹಿಂಬದಿಯಲ್ಲಿ ಬೆಂಕಿಯ ಜ್ವಾಲೆಯ ಚಿಹ್ನೆ ಇದೆಯೇ ಎಂದು ಒಮ್ಮೆ ತಿರುಗಿಸಿ ನೋಡಿ.

ಈ ಅನಿಲಗಳು ಗಾಳಿಗಿಂತ ಭಾರ. ಪ್ರೋಪೇನ್ ಸುಮಾರು ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು. ಅವು ಮೇಲಕ್ಕೆ ಹೋಗದೆ ನೆಲದ ಮೇಲೆ ಹರಡಿಕೊಳ್ಳುತ್ತವೆ. ಈಗ ನಮ್ಮ ಅಪಾರ್ಟ್‌ಮೆಂಟಿನ ಹಾಲ್ ನೆನಪಿಸಿಕೊಳ್ಳಿ. ಕೌದಿಯ ಬಟ್ಟೆ ಹಾಸುವುದು ನೆಲದ ಮೇಲೆ. ಧೂಳು ಬರಬಾರದೆಂದು ಕಿಟಕಿ ಹಾಕಿರುತ್ತೇವೆ, ಬಟ್ಟೆ ಹಾರಬಾರದೆಂದು ಫ್ಯಾನ್ ಆರಿಸಿರುತ್ತೇವೆ. ಆಚೆ ಮೂಲೆಯಲ್ಲಿ ದೇವರ ಮುಂದೆ ದೀಪ, ಊದುಬತ್ತಿ. ಸಂಜೆಯಾದರೆ ಸೊಳ್ಳೆ ಬತ್ತಿ, ಅದೂ ನೆಲದ ಮೇಲೇ. ಬಟ್ಟೆ ಸರಿಮಾಡಲು ಪಕ್ಕದಲ್ಲೇ ಬಿಸಿ ಇಸ್ತ್ರಿ ಪೆಟ್ಟಿಗೆ. ಬೆಂಕಿಗೆ ಬೇಕಾದದ್ದೆಲ್ಲ ಅಲ್ಲಿ ಒಂದೇ ಮಟ್ಟದಲ್ಲಿ ಕೂಡಿರುತ್ತದೆ.

ಇನ್ನು ಉಸಿರಾಟ. ಹಲವು ಸ್ಪ್ರೇ ಅಂಟುಗಳಲ್ಲಿ ಅಸಿಟೋನ್, ಹೆಕ್ಸೇನ್ ಅಥವಾ ಸೈಕ್ಲೋಹೆಕ್ಸೇನ್ ಇರುತ್ತದೆ. ಎನ್-ಹೆಕ್ಸೇನ್ ಇರುವ ಅಂಟು ಬಳಸುತ್ತಿದ್ದ ಇಟಲಿಯ ಷೂ ಕಾರ್ಮಿಕರು ಮತ್ತು ಜಪಾನಿನ ಚಪ್ಪಲಿ ತಯಾರಕರಲ್ಲಿ ಕೈಕಾಲು ಮರಗಟ್ಟುವ ನರದ ಕಾಯಿಲೆ ಕಾಣಿಸಿಕೊಂಡಿತ್ತು. ಆದರೆ ಅವರೆಲ್ಲ ಗಾಳಿಯಾಡದ ಕೋಣೆಗಳಲ್ಲಿ ತಿಂಗಳುಗಟ್ಟಲೆ ದಿನವಿಡೀ ಕೆಲಸ ಮಾಡಿದವರು. ವರ್ಷಕ್ಕೆ ಎರಡು ಕೌದಿ ಹೊಲಿಯುವವರ ಸ್ಥಿತಿ ಅದಲ್ಲ. ಅವರಿಗೆ ಮುಚ್ಚಿದ ಕೋಣೆಯಲ್ಲಿ ತಲೆನೋವು, ತಲೆಸುತ್ತು, ಗಂಟಲು ಕೆರೆತ ಬರಬಹುದು, ಆಸ್ತಮಾ ಇದ್ದರೆ ಕೆರಳಬಹುದು. ಗರ್ಭಿಣಿಯರು ದ್ರಾವಕಗಳಿಂದ ದೂರವಿರಬೇಕು ಎಂಬ ಸಲಹೆಯೂ ಇದೇ ಎಚ್ಚರಿಕೆಯದು. ಮೊನ್ನೆ ಒಂದು ಸಲ ಮೂಗಿಗೆ ಬಡಿಯಿತೆಂದು ಗಾಬರಿಯಾಗಬೇಕಿಲ್ಲ. ಸ್ಪ್ರೇ ಮಾಡುವ ಕೆಲಸ ಬೇರೆಯವರು, ಬೇರೆ ಜಾಗದಲ್ಲಿ ಮಾಡಲಿ. ಇನ್ನೊಂದು ಮಾತು: ಕೋವಿಡ್ ಕಾಲದ ಎನ್-95 ಮಾಸ್ಕ್ ಅಂಟಿನ ತುಂತುರನ್ನು ತಡೆಯುತ್ತದೆ, ದ್ರಾವಕದ ಆವಿಯನ್ನು ತಡೆಯುವುದಿಲ್ಲ.

ಹಾಗಾದರೆ ಯಾವ ಡಬ್ಬಿ?

ಇಲ್ಲಿ ಎರಡನೇ ಫಾರ್ವರ್ಡ್ ಸುಳ್ಳಾಗುತ್ತದೆ. ಕೌದಿಯಲ್ಲಿ ಅಂಟಿಗೆ ಇರುವ ಕೆಲಸ ಒಂದೇ. ಮೇಲಿನ ಬಟ್ಟೆ, ನಡುವಿನ ಹತ್ತಿ ಪದರ, ಕೆಳಗಿನ ಬಟ್ಟೆ ಹೊಲಿಗೆ ಮುಗಿಯುವವರೆಗೆ ಜಾರದಂತೆ ಹಿಡಿದಿಡುವುದು. ಆಮೇಲೆ ಅದು ಹೋಗಬೇಕು. ಅದಕ್ಕೆಂದೇ ಬಟ್ಟೆಗೆ ತಾತ್ಕಾಲಿಕ ಅಂಟು ಬರುತ್ತದೆ. ಓಡಿಫ್ ಕಂಪನಿಯ 505 ಇಂಥದ್ದು: ಎತ್ತಿ ಮತ್ತೆ ಕೂರಿಸಬಹುದು, ಒಗೆದರೆ ಹೋಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ 3ಎಂ ಸೂಪರ್ 77ರಂಥವು ಕಾಯಂ ಅಂಟು. ಫೋಮ್, ರಟ್ಟು ಅಂಟಿಸಲು ಚೆನ್ನಾಗಿವೆ. ಕೌದಿಗೆ ಹಾಕಿದರೆ ಸೂಜಿಗೆ ಅಂಟು ಮೆತ್ತಿ ನೂಲು ಕಡಿಯುತ್ತದೆ, ಬಟ್ಟೆ ಬಿರುಸಾಗುತ್ತದೆ, ಒಗೆದರೂ ಹೋಗುವುದಿಲ್ಲ. ಡಬ್ಬಿಯ ಮೇಲೆ ‘ತಾತ್ಕಾಲಿಕ’, ‘ಬಟ್ಟೆಗೆ’, ‘ಒಗೆದರೆ ಹೋಗುತ್ತದೆ’ ಎಂಬ ಅರ್ಥದ ಮೂರೂ ಮಾತು ಇರಲಿ. ‘ಮಲ್ಟಿಪರ್ಪಸ್’ ಎಂದಷ್ಟೇ ಇದ್ದರೆ ಬಿಟ್ಟುಬಿಡಿ.

ಮೊದಲು ಸೀರೆಯ ಒಂದು ಚೂರಿನ ಮೇಲೆ ಸ್ಪ್ರೇ ಮಾಡಿ, ಒಗೆದು ನೋಡಿ. ನೀರಿಗೆ ಹಾಕಲಾಗದ ಜರಿ ರೇಷ್ಮೆಗೆ ಇದು ಬೇಡವೇ ಬೇಡ, ಒಗೆಯದೆ ಅಂಟು ಹೋಗುವುದು ಹೇಗೆ? ಸ್ಪ್ರೇಯನ್ನು ಸೀರೆಯ ಮೇಲಲ್ಲ, ಹತ್ತಿ ಪದರದ ಮೇಲೆ, ಒಂದು ಅಡಿ ದೂರದಿಂದ, ತೆಳುವಾಗಿ ಹಾಕಬೇಕು. ಜಾಗ ತಾರಸಿ ಅಥವಾ ತೆರೆದ ಬಾಲ್ಕನಿ, ಸುತ್ತ ಹಳೇ ಪೇಪರ್. ಆವಿ ಪೂರ್ತಿ ಹೋಗುವವರೆಗೆ ಒಳಗೆ ತರಬೇಡಿ, ಇಸ್ತ್ರಿ ಹತ್ತಿರಕ್ಕೂ ತರಬೇಡಿ. ಉಳಿದ ಡಬ್ಬಿಯನ್ನು ಕಾರಿನ ಡಿಕ್ಕಿಯಲ್ಲಿ ಮರೆಯಬೇಡಿ. ಇಂಥ ಡಬ್ಬಿಗಳ ಮೇಲೆ 50 ಡಿಗ್ರಿ ಸೆಲ್ಸಿಯಸ್ ಮೀರಬಾರದು ಎಂದಿರುತ್ತದೆ, ಏಪ್ರಿಲ್ ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಅಷ್ಟು ಬಿಸಿ ಆಗಬಹುದು. ಖಾಲಿ ಡಬ್ಬಿಯನ್ನು ತೂತು ಮಾಡುವುದು, ಎಲೆ ಕಸದ ಜೊತೆ ಸುಡುವುದು ಎರಡೂ ಕೂಡದು.

ಅಂಟು ಬೇಕೇ ಬೇಕೇ ಎಂದು ಕೇಳಿದರೆ, ಇಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿ. ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ತುಂಡು ಬಟ್ಟೆಗಳನ್ನು ಓಟ ಹೊಲಿಗೆಯಲ್ಲೇ ಕೂರಿಸುತ್ತಾ ಹೋಗುತ್ತಾರೆ, ಹೊಲಿಗೆಯೇ ಅಲ್ಲಿ ಪದರಗಳನ್ನು ಹಿಡಿಯುವುದು. ನೆಲದ ಮೇಲೆ ಕೂರಲಾಗದವರಿಗೆ ಊಟದ ಮೇಜಿನ ಮೇಲೆ ಹಾಸಿ, ಗೇಣಿಗೊಂದರಂತೆ ಸೇಫ್ಟಿ ಪಿನ್ ಹಾಕುವುದು ಸುಲಭದ ದಾರಿ. ಹೊಲಿಯುತ್ತಾ ತೆಗೆಯಿರಿ, ಮಗುವಿನ ಕೌದಿಯಾದ್ದರಿಂದ ಹಾಕಿದ ಪಿನ್ ಎಷ್ಟು, ತೆಗೆದದ್ದೆಷ್ಟು ಎಂದು ಲೆಕ್ಕ ಇಡಿ. ಮೈದಾ ಗಂಜಿಯೂ ಹಿಡಿಯುತ್ತದೆ, ಆದರೆ ಚೆನ್ನಾಗಿ ಒಗೆಯದಿದ್ದರೆ ಜಿರಲೆಗೆ ಹಬ್ಬ. ಸ್ಪ್ರೇ ಬಳಸಿದ್ದರೆ ಮಗುವಿಗೆ ಕೊಡುವ ಮೊದಲು ಎರಡು ಸಲ ಒಗೆದು ಬಿಸಿಲಿಗೆ ಹಾಕಿ. ಒಂದು ವರ್ಷದೊಳಗಿನ ಮಗು ಮಲಗಿರುವಾಗ ಸಡಿಲ ಹೊದಿಕೆ ಬೇಡ ಎಂದು ಮಕ್ಕಳ ವೈದ್ಯರು ಹೇಳುತ್ತಾರೆ. ಹಾಗಾಗಿ ಅಲ್ಲಿಯವರೆಗೆ ಕೌದಿ ಎಚ್ಚರವಾಗಿರುವ ಮಗು ಆಡುವ ಹಾಸಾಗಿರಲಿ.

ನಮ್ಮ ಓದುಗರು ತಮ್ಮ ಡಬ್ಬಿಯ ಫೋಟೋವನ್ನೂ ಕಳಿಸಿದ್ದರು. ದೊಡ್ಡದು ಮಾಡಿ ನೋಡಿದರೆ ಅದು ಕಾಯಂ ಅಂಟು, ಹಿಂಬದಿಯಲ್ಲಿ ಜ್ವಾಲೆಯ ಚಿಹ್ನೆ. ಅದನ್ನು ಸೀರೆಗೆ ಮುಟ್ಟಿಸಬೇಡಿ, ವಾಪಸ್ ಮಾಡಲು ಆಗುತ್ತದೆಯೇ ನೋಡಿ, ಹೆರಿಗೆಗೆ ಇನ್ನೂ ಎರಡು ತಿಂಗಳಿದೆ, ಪಿನ್ ಹಾಕಿ ಹೊಲಿದರೂ ಸಮಯ ಸಾಕು ಎಂದು ಉತ್ತರಿಸಿದ್ದೇವೆ.