ಇಲ್ಲ್ ಅಂದರೆ ಮನೆ

ತುಳುವಿನಲ್ಲಿ ‘ಇಲ್ಲ್’ ಅಂದರೆ ಮನೆ. ಕನ್ನಡದಲ್ಲಿ ‘ಇಲ್ಲ’ ಅಂದರೆ ಇಲ್ಲ. ಬೆಳ್ತಂಗಡಿ ಕಡೆಯ ಆರು ವರ್ಷದ ಮಗುವೊಂದು ಜೂನ್ ತಿಂಗಳ ಮಳೆಯಲ್ಲಿ ಕೊಡೆ ಹಿಡಿದು ಬಂದು ಒಂದನೇ ತರಗತಿಯಲ್ಲಿ ಕೂರುವ ಹೊತ್ತಿಗೆ ಅದರ ಬಾಯಲ್ಲಿ ಮೊದಲನೆಯ ಪದ ಚೆನ್ನಾಗಿ ನೆಲೆಸಿರುತ್ತದೆ, ಎರಡನೆಯದಕ್ಕೆ ಇನ್ನೂ ಅಭ್ಯಾಸ ಆಗಿರುವುದಿಲ್ಲ. ಆ ಮಗುವಿಗೆ ಹಲ್ಲು ಎಂದರೆ ‘ಕೂಲಿ’, ಕಾಲು ಎಂದರೆ ‘ಕಾರ್’. ತಾಯಿಯನ್ನು ಹೇಳುವ ಪದ ‘ಅಪ್ಪೆ’. ಹಳೆಯ ತುಳುವಿನಲ್ಲಿ ತಂದೆ ‘ಅಮ್ಮೆ’. ಚಿತ್ರಪಟದಲ್ಲಿ ಸೀರೆ ಉಟ್ಟ ಹೆಂಗಸಿನ ಕೆಳಗೆ ‘ಅಮ್ಮ’ ಎಂದು ಬರೆದಿರುವುದನ್ನು ನೋಡಿ ಮಗು ಒಂದು ಗಳಿಗೆ ಸುಮ್ಮನಾದರೆ ಅದಕ್ಕೆ ದಡ್ಡತನ ಕಾರಣವಲ್ಲ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಈ ಮೂರು ತಾಲ್ಲೂಕುಗಳ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಕನ್ನಡ ಮನೆಮಾತಾಗಿರುವ ಮಕ್ಕಳು ಕಡಿಮೆ. ಒಂದು ಮಗು ತುಳುವಿನಲ್ಲಿ ಕನಸು ಕಾಣುತ್ತದೆ, ಪಕ್ಕದ ಮಗು ಬ್ಯಾರಿಯಲ್ಲಿ. ಚರ್ಚಿನ ಹತ್ತಿರದ ಮನೆಯಿಂದ ಬಂದ ಮೂರನೆಯದು ಕೊಂಕಣಿಯಲ್ಲಿ ಮನೆಗೆ ‘ಘರ್’ ಎನ್ನುತ್ತದೆ. ಕೊಂಕಣಿಯ ಮಗುವಿಗೆ ‘ಘ’ ಹೊಟ್ಟೆಯಿಂದಲೇ ಬಂದಿರುತ್ತದೆ. ತುಳುವಿನ ಮಗು ಅದನ್ನು ಶಾಲೆಗೆ ಬಂದ ಮೇಲೆ ಕಲಿಯಬೇಕು, ಏಕೆಂದರೆ ಅಚ್ಚ ತುಳು ಪದಗಳಲ್ಲಿ ಮಹಾಪ್ರಾಣ ಇಲ್ಲ. ಎಲ್ಲರಿಗೂ ಎದುರಿಗಿರುವುದು ಒಂದೇ ಕರಿಹಲಗೆ, ಒಂದೇ ಕನ್ನಡ ವರ್ಣಮಾಲೆ.

2011ರ ಜನಗಣತಿಯಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ 88.57. ರಾಜ್ಯದ ಜಿಲ್ಲೆಗಳಲ್ಲೆಲ್ಲ ಅದೇ ಹೆಚ್ಚು. ಆ ಅಂಕಿಯನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಬೇಕಾದದ್ದೇ. ಆದರೆ ಅದರ ಹಿಂದೆ ಇರುವ ದುಡಿಮೆಯನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಲ್ಲಿನ ಮಗು ಓದುವುದನ್ನು ಕಲಿಯುವಾಗ ಅಕ್ಷರದ ಜೊತೆಗೆ ಒಂದು ಭಾಷೆಯನ್ನೂ ಕಲಿಯುತ್ತದೆ. ಎರಡು ಕೆಲಸ, ಅದೇ ಆರು ತಾಸಿನ ಶಾಲೆ.

ನಲಿ-ಕಲಿ ಕೊಠಡಿಯೊಂದರ ಒಳಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಪ್ರಯೋಗವನ್ನು ನೋಡಿ ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ ಇದು. 2009-10ರಿಂದ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಗೋಡೆಯಲ್ಲಿ ಕಲಿಕಾ ಏಣಿ, ತಲೆಯ ಮೇಲೆ ದಾರಕ್ಕೆ ಸಿಕ್ಕಿಸಿದ ಚಿತ್ರಗಳ ಚಪ್ಪರ, ಮಕ್ಕಳ ಕೈಗೆ ಎಟಕುವ ಎತ್ತರಕ್ಕೆ ಗೋಡೆಯುದ್ದಕ್ಕೂ ಕಪ್ಪು ಹಲಗೆ. ಏಣಿಯ ಯಾವ ಮೆಟ್ಟಿಲಲ್ಲಿ ತಾನಿದ್ದೇನೆ ಎಂದು ನೋಡಿಕೊಂಡು ಮಗು ತನ್ನ ಕಾರ್ಡನ್ನು ತಾನೇ ಹುಡುಕಿ ತರುತ್ತದೆ. ಮೊದಲ ಗುಂಪಿನವರಿಗೆ ಟೀಚರ್ ಪೂರ್ತಿ ಜೊತೆಗಿರುತ್ತಾರೆ, ಮುಂದಿನ ಗುಂಪಿಗೆ ಅರ್ಧ, ಆಮೇಲಿನವರಿಗೆ ಜೊತೆಯ ಮಕ್ಕಳೇ ಗುರುಗಳು.

ಅಕ್ಷರಗಳು ಅಲ್ಲಿ ಅ, ಆ, ಇ, ಈ ಎಂದು ಸಾಲಾಗಿ ಬರುವುದಿಲ್ಲ. ರ, ಗ, ಸ, ದ, ಅ ಈ ಐದು ಮೊದಲು. ಬರೆಯಲು ಸುಲಭ, ಕೂಡಿಸಿದ ಕೂಡಲೇ ಪದ ಸಿಗುತ್ತದೆ: ಸರ, ದರ, ಅರಸ, ಗರಗಸ, ಅಗಸ. ಒಂದು ತಿಂಗಳು ಕಳೆಯುವುದರೊಳಗೆ ಮಗು ಗಟ್ಟಿಯಾಗಿ ಓದಿಬಿಡುತ್ತದೆ. ಬಹಳ ಜಾಣ ಯೋಜನೆ ಇದು, ಸಂಶಯವಿಲ್ಲ. ಆದರೆ ‘ಅಗಸ’ ಎಂದು ಓದಿದ ತುಳು ಮನೆಯ ಮಗುವನ್ನು “ಅಗಸ ಅಂದರೆ ಯಾರು?” ಎಂದು ಕೇಳಿದರೆ ಅದು ಟೀಚರ ಮುಖ ನೋಡುತ್ತದೆ. ಮನೆಯಲ್ಲಿ ಕೇಳಿದ ಪದ ‘ಮಡ್ಯೆಲೆ’. ‘ಕೋಳಿ’ ಓದುತ್ತದೆ, ಅಂಗಳದಲ್ಲಿ ಕೆದಕುತ್ತಿರುವ ‘ಕೋರಿ’ ಅದೇ ಎಂದು ಹೊಳೆಯುವುದಿಲ್ಲ. ‘ಹುಲಿ’ ಓದುತ್ತದೆ, ನವರಾತ್ರಿಯಲ್ಲಿ ತಾಸೆಯ ಪೆಟ್ಟಿಗೆ ಕುಣಿಯುವ ‘ಪಿಲಿ’ ಬೇರೆ ಎಂದುಕೊಳ್ಳುತ್ತದೆ.

ಬರೆದಂತೆ ಓದುವ, ಓದಿದಂತೆ ಬರೆಯುವ ಭಾಷೆ ಎಂಬುದು ಕನ್ನಡದ ದೊಡ್ಡ ಗುಣ. ಅದೇ ಗುಣ ಇಲ್ಲಿ ಒಂದು ಕೊರತೆಯನ್ನು ಮುಚ್ಚಿಡುತ್ತದೆ. ಅಕ್ಷರ ಗೊತ್ತಿದ್ದರೆ ಸಾಕು, ಅರ್ಥದ ಗಾಳಿ ಸೋಕದಿದ್ದರೂ ಇಡೀ ಪುಟವನ್ನು ತಡವರಿಸದೆ ಓದಬಹುದು. ಪರೀಕ್ಷಿಸಲು ಬಂದವರು ‘ಓದು ಬರುತ್ತದೆ’ ಎಂದು ಬರೆದುಕೊಂಡು ಹೋಗುತ್ತಾರೆ. ನಾಲ್ಕನೇ ತರಗತಿಯಲ್ಲಿ ಪರಿಸರ ಪಾಠದ ಪ್ರಶ್ನೆ ಎದುರಾದಾಗ ಅದೇ ಮಗು ಬಾಯಿ ಬಿಡುವುದಿಲ್ಲ. ಆಗ ಎಲ್ಲರಿಗೂ ಆಶ್ಚರ್ಯ.

ಅಕ್ಷರದ ದಾರಿಯೂ ಸಣ್ಣದಲ್ಲ. ಮೂವತ್ತನಾಲ್ಕು ವ್ಯಂಜನಗಳಿಗೆ ಕಾಗುಣಿತ ಹಚ್ಚುತ್ತಾ ಹೋದರೆ ರೂಪಗಳ ಸಂಖ್ಯೆ ನಾನೂರು ದಾಟುತ್ತದೆ, ಅದರ ಮೇಲೆ ಒತ್ತಕ್ಷರ. ಬೆಂಗಳೂರಿನಲ್ಲಿ ಕೆಲಸ ಮಾಡಿದ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಕಲಿಯುವ ಮಕ್ಕಳ ಮೇಲೆ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳಿತು: ಇಂಗ್ಲಿಷಿನ ಇಪ್ಪತ್ತಾರು ಅಕ್ಷರ ಬೇಗ ಮುಗಿಯುತ್ತದೆ, ಕನ್ನಡದ ಅಕ್ಷರಜ್ಞಾನ ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಹಿಡಿಯುತ್ತದೆ. ಆದ್ದರಿಂದ ಎರಡನೇ ತರಗತಿಯ ಮಗು ‘ಸ್ತ್ರೀ’, ‘ರಾಷ್ಟ್ರ’ಗಳ ಮುಂದೆ ನಿಂತುಬಿಟ್ಟರೆ ಗಾಬರಿ ಬೀಳಬೇಕಾಗಿಲ್ಲ.

ಗಾಬರಿ ಬೀಳಬೇಕಾದದ್ದು ಬೇರೆ ಇದೆ. ಪ್ರಥಮ್ ಸಂಸ್ಥೆಯ ‘ಅಸರ್’ ಸಮೀಕ್ಷೆ ದೇಶದ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳಿಂದ ಓದಿಸಿ ನೋಡುತ್ತದೆ. ಮೂರನೇ ತರಗತಿಯಲ್ಲಿದ್ದು ಎರಡನೇ ತರಗತಿಯ ಪಠ್ಯ ಓದಬಲ್ಲ ಮಕ್ಕಳು ದೇಶದಲ್ಲಿ 2018ರಲ್ಲಿ ಶೇ 27.3 ಇದ್ದರು. ಕೊರೊನಾದಿಂದ ಶಾಲೆ ಮುಚ್ಚಿ ತೆರೆದ ಮೇಲೆ, 2022ರಲ್ಲಿ ಅದು ಶೇ 20.5ಕ್ಕೆ ಕುಸಿಯಿತು. 2024ರಲ್ಲಿ ಶೇ 27.1. ಅಂದರೆ ಕಳೆದುಕೊಂಡದ್ದು ಸಿಕ್ಕಿತು, ಅದಕ್ಕಿಂತ ಮುಂದೆ ಹೋಗಿಲ್ಲ. 2021ರ ಜುಲೈನಲ್ಲಿ ಆರಂಭವಾದ ಕೇಂದ್ರದ ‘ನಿಪುಣ್ ಭಾರತ್’ ಯೋಜನೆ ಮೂರನೇ ತರಗತಿ ಮುಗಿಯುವಾಗ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥಸಹಿತ ಓದಬೇಕು ಎನ್ನುತ್ತದೆ. ಅರ್ಥಸಹಿತ ಎಂಬ ಮಾತನ್ನು ಸೇರಿಸಿದ್ದು ಒಳ್ಳೆಯದಾಯಿತು. ಆದರೆ ‘ಮನೆಯಲ್ಲಿದ್ದಾಗಲೂ’ ಎಂಬುದು ಕನ್ನಡದಲ್ಲಿ ಒಂದು ಪದ; ಗಡಿಯಾರ ಹಿಡಿದು ಎಣಿಸುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಕೆಳತರಗತಿಯ ಕಲಿಕೆಯ ವಿಷಯದಲ್ಲಿ ಈ ನೆಲಕ್ಕೆ ಹಳೆಯ ನೆನಪುಗಳಿವೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ನಮ್ಮ ಕರಾವಳಿಗೆ ಬಂದಿದ್ದ. ಇಕ್ಕೇರಿಯ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ವರು ಹುಡುಗರು ನೆಲಕ್ಕೆ ನುಣುಪಾದ ಮರಳು ಹರವಿ, ರಾಗವಾಗಿ ಹೇಳಿಕೊಳ್ಳುತ್ತಾ ಬೆರಳಿನಿಂದ ಬರೆದು ಲೆಕ್ಕ ಕಲಿಯುತ್ತಿದ್ದುದನ್ನು ನೋಡಿ ವಿವರವಾಗಿ ಬರೆದಿಟ್ಟ. ಪಕ್ಕದಲ್ಲಿ ಗುರುಗಳಿರಲಿಲ್ಲ, ಒಬ್ಬರಿಂದೊಬ್ಬರು ಕಲಿಯುತ್ತಿದ್ದರು. ಮರಳು ಹೋಗಿ ಸ್ಲೇಟು ಬಂತು. ಈಗ ನಲವತ್ತು ದಾಟಿದ ಬಂಟ್ವಾಳದವರನ್ನು ಕೇಳಿ, ಸ್ಲೇಟು ಒರೆಸಲು ತೋಡಿನ ಬದಿಯ ನೀರುಕಡ್ಡಿ ಕಿತ್ತು ತರುತ್ತಿದ್ದುದನ್ನು ಹೇಳುತ್ತಾರೆ. ಗಾಜಿನಂತೆ ಪಾರದರ್ಶಕವಾದ ಆ ಪುಟ್ಟ ಗಿಡದ ದಂಟನ್ನು ಅದುಮಿದರೆ ತಣ್ಣಗಿನ ನೀರು ಒಸರುತ್ತದೆ. ತಪ್ಪು ಬರೆದದ್ದು ಒಂದೇ ಉಜ್ಜಿಗೆ ಹೋಗುತ್ತಿತ್ತು. ಪೆನ್ಸಿಲಿನಲ್ಲಿ ಬರೆದು ಪುಸ್ತಕ ಕೊಳಕಾಯಿತೆಂದು ಬೈಸಿಕೊಳ್ಳುವ ಇಂದಿನ ಮಗುವಿಗೆ ಆ ಸೌಲಭ್ಯ ಕಡಿಮೆ.

ಬಂಟ್ವಾಳದಲ್ಲೇ 1874ರಲ್ಲಿ ಪಂಜೆ ಮಂಗೇಶರಾಯರು ಹುಟ್ಟಿದರು. ಅವರ ಮನೆಮಾತು ಕೊಂಕಣಿ. ಊರಿನ ಬೀದಿಯಲ್ಲಿ ತುಳು. ಶಾಲೆಯಲ್ಲಿ ಕನ್ನಡ. ಶಿಕ್ಷಕರಾಗಿ, ಶಾಲಾ ಇನ್‌ಸ್ಪೆಕ್ಟರರಾಗಿ ಈ ಜಿಲ್ಲೆಯ ಶಾಲೆಗಳನ್ನು ಸುತ್ತಿದವರು. ಕನ್ನಡದ ಮಕ್ಕಳ ಬಾಯಲ್ಲಿ ಇಂದಿಗೂ ಉಳಿದಿರುವ ಹಾವಿನ ಹಾಡನ್ನು ಬರೆದದ್ದು ಅವರೇ. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳಿಗಾಗಿಯೇ ಪುಸ್ತಕ ತಂದರು. ಕನ್ನಡ ಮನೆಯಲ್ಲಿ ಇಲ್ಲದ ಮಗುವಿಗೆ ಕನ್ನಡ ಹೇಗೆ ಕಿವಿಯಿಂದ ಒಳಗಿಳಿಯಬೇಕು ಎಂಬುದು ಅವರಿಗೆ ತಿಳಿದಿತ್ತು. ಅವರ ಶಿಶುಗೀತೆಗಳಲ್ಲಿ ಚಿಕ್ಕ ಪದ, ಮತ್ತೆ ಮತ್ತೆ ಬರುವ ಸದ್ದು, ಕೈಕಾಲು ಆಡಿಸಲು ಬರುವ ಲಯ. ಅದು ಅನುಭವದಿಂದ ಬಂದ ಶಿಕ್ಷಣಶಾಸ್ತ್ರ.

ಮೂಡುಬಿದಿರೆಯ ಜೈನ ಮಠದ ಭಂಡಾರದಲ್ಲಿ ಕಾಪಿಟ್ಟ ‘ಧವಲಾ’ ಎಂಬ ಜೈನ ಗ್ರಂಥದ ತಾಳೆಗರಿಗಳ ಭಾಷೆ ಪ್ರಾಕೃತ, ಲಿಪಿ ಹಳಗನ್ನಡದ್ದು. ಒಂದು ಭಾಷೆಯನ್ನು ಇನ್ನೊಂದರ ಅಕ್ಷರದಲ್ಲಿ ಬರೆಯುವುದು ಇಲ್ಲಿ ಹೊಸದೇನಲ್ಲ. ಅದೇ ಊರಿನ ರತ್ನಾಕರವರ್ಣಿ ಹದಿನಾರನೇ ಶತಮಾನದಲ್ಲಿ ‘ಭರತೇಶ ವೈಭವ’ ಬರೆದಾಗ, ತನ್ನ ಕನ್ನಡ ಕಾವ್ಯ ಕೇಳಿ ತುಳುವರು ತಮ್ಮ ಮಾತಿನಲ್ಲೇ ಮೆಚ್ಚಬೇಕೆಂದು ಆಸೆಪಟ್ಟು ಆ ತುಳು ಮೆಚ್ಚುಗೆಯನ್ನೂ ಪದ್ಯದೊಳಗೆ ಸೇರಿಸಿದ. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದ ಮೇಲೆ ತುಳು ಪುಸ್ತಕಗಳು ಅಚ್ಚಾದದ್ದು ಕನ್ನಡ ಅಕ್ಷರದಲ್ಲಿ. ಇಂದು ತುಳು, ಬ್ಯಾರಿ, ಕರ್ನಾಟಕದ ಕೊಂಕಣಿ ಮೂರನ್ನೂ ಬಹುಪಾಲು ಜನ ಬರೆಯುವುದು ಕನ್ನಡ ಲಿಪಿಯಲ್ಲೇ.

ಹಾಗಿದ್ದ ಮೇಲೆ ಒಂದನೇ ತರಗತಿಯ ಸ್ಲೇಟಿನಲ್ಲಿ ‘ಪಿಲಿ’ ಬರೆದರೆ ಏನು ಕೆಟ್ಟೀತು? ‘ಪ’ಗೆ ಗುಡಿಸು, ‘ಲ’ಗೆ ಗುಡಿಸು, ಕಲಿಯುವ ಅಕ್ಷರ ಕನ್ನಡದ್ದೇ. ಬರೆದ ಕೂಡಲೇ ಮಗುವಿನ ಮುಖ ಅರಳುತ್ತದೆ, ಏಕೆಂದರೆ ತನ್ನ ಬಾಯಲ್ಲಿದ್ದದ್ದು ಸ್ಲೇಟಿನ ಮೇಲೆ ಕೂತಿದೆ. ಆಮೇಲೆ ಅದರ ಪಕ್ಕದಲ್ಲಿ ‘ಹುಲಿ’ ಬರೆಸಿ; ಪೂ-ಹೂ, ಪಿಲಿ-ಹುಲಿ ಎಂದು ನಾಲ್ಕು ಜೋಡಿ ಆದ ಮೇಲೆ ‘ಪ’ ಇದ್ದಲ್ಲಿ ‘ಹ’ ಬರುತ್ತದೆಂಬ ಗುಟ್ಟನ್ನು ಮಗು ತಾನೇ ಕಂಡುಹಿಡಿಯುತ್ತದೆ. ಒಳ್ಳೆಯ ಟೀಚರುಗಳು ಯಾರೂ ಹೇಳಿಕೊಡದೆ ಇದನ್ನು ಮಾಡುತ್ತಲೇ ಇದ್ದಾರೆ. ಸರ್ಕಾರದ ಕಾರ್ಡಿನಲ್ಲಿ ಮಾತ್ರ ಇದಕ್ಕೆ ಜಾಗ ಬೇಕಾಗಿದೆ. ತುಳುವನ್ನು ಮೂರನೇ ಭಾಷೆಯಾಗಿ ಕಲಿಯುವ ಅವಕಾಶ 2010-11ರಿಂದ ಇರುವುದು ಆರನೇ ತರಗತಿಯಿಂದ. ಮಗುವಿಗೆ ತುಳುವಿನ ಆಸರೆ ಬೇಕಾದದ್ದು ಅದಕ್ಕಿಂತ ಐದು ವರ್ಷ ಮೊದಲು.

ಮನೆಯಲ್ಲಿ ಓದಿಸಲು ಪುರುಸೊತ್ತು ಇಲ್ಲ ಎಂಬ ಮಾತು ನಿಜ. ಈ ತಾಲ್ಲೂಕುಗಳ ಎಷ್ಟೋ ಮನೆಗಳಲ್ಲಿ ತಾಯಿ ಮಡಿಲಲ್ಲಿ ತಡ್ಪೆ (ಮೊರ) ಇಟ್ಟುಕೊಂಡು ಬೀಡಿ ಕಟ್ಟುತ್ತಾ ಮಕ್ಕಳನ್ನು ಶಾಲೆಗೆ ಕಳಿಸಿದ್ದಾಳೆ. ಕೈಗೆ ಬಿಡುವಿಲ್ಲದಿದ್ದರೂ ಕಿವಿಗೆ ಬಿಡುವು ಇರುತ್ತದೆ. ಎಲೆ ಕತ್ತರಿಸುತ್ತಿರುವ ತಾಯಿಯ ಎದುರು ಮಗು ಒಂದು ಪುಟ ಗಟ್ಟಿಯಾಗಿ ಓದಿ, ಅದರ ಕಥೆಯನ್ನು ತುಳುವಿನಲ್ಲಿ ಹೇಳಲಿ. ತಾಯಿಗೆ ಅರ್ಥವಾದರೆ ಮಗುವಿಗೂ ಅರ್ಥವಾಗಿದೆ ಎಂದೇ ಲೆಕ್ಕ. ಇದಕ್ಕಿಂತ ಒಳ್ಳೆಯ ಓದಿನ ಪರೀಕ್ಷೆ ಯಾವ ಇಲಾಖೆಯಲ್ಲೂ ಇಲ್ಲ. ಯಕ್ಷಗಾನದ ಆಟಕ್ಕೆ ಕರೆದುಕೊಂಡು ಹೋಗುವುದೂ ಪಾಠವೇ. ಕನ್ನಡ ಮನೆಮಾತಲ್ಲದ ಈ ಜಿಲ್ಲೆಯ ಜನ ಪುಸ್ತಕದಂಥ ಶುದ್ಧ ಕನ್ನಡ ಆಡುವುದರ ಹಿಂದೆ ಶಾಲೆಯಷ್ಟೇ ಪಾಲು ರಾತ್ರಿಯಿಡೀ ಕೇಳಿದ ಅರ್ಥಗಾರಿಕೆಗೂ ಇದೆ.

ಇಂಗ್ಲಿಷಿನ ಆಸೆಯಿಂದ ತಂದೆತಾಯಿಯರು ಮಕ್ಕಳನ್ನು ಹಳದಿ ಬಸ್ಸಿಗೆ ಹತ್ತಿಸುವುದನ್ನು ತಪ್ಪೆನ್ನಲು ಆಗುವುದಿಲ್ಲ. ಆ ಆಸೆಯನ್ನು ಎದುರಿಸಿ ಗೆದ್ದ ಉದಾಹರಣೆ ಬಂಟ್ವಾಳ ತಾಲ್ಲೂಕಿನಲ್ಲೇ ಇದೆ. ಮಕ್ಕಳಿಲ್ಲದೆ ಮುಚ್ಚುವ ಹಂತಕ್ಕೆ ಬಂದಿದ್ದ ದಡ್ಡಲಕಾಡು ಸರ್ಕಾರಿ ಶಾಲೆಯನ್ನು ಕರೆಂಕಿಯ ಶ್ರೀ ದುರ್ಗಾ ಫ್ರೆಂಡ್ಸ್ ಕ್ಲಬ್ಬಿನ ಯುವಕರು ದತ್ತು ತೆಗೆದುಕೊಂಡರು. ಕಟ್ಟಡ ಕಟ್ಟಿಸಿದರು, ಎಲ್‌ಕೆಜಿ-ಯುಕೆಜಿ ತೆರೆದರು, ಕನ್ನಡದ ಜೊತೆಗೆ ಇಂಗ್ಲಿಷ್ ಕಲಿಸಲು ವ್ಯವಸ್ಥೆ ಮಾಡಿದರು. ಬೆರಳೆಣಿಕೆಗೆ ಇಳಿದಿದ್ದ ಮಕ್ಕಳ ಸಂಖ್ಯೆ ನೂರುಗಳಿಗೆ ಏರಿತು. ಮೂಡುಬಿದಿರೆಯ ಆಳ್ವಾಸ್ ಕನ್ನಡ ಮಾಧ್ಯಮ ಶಾಲೆಯ ಪ್ರವೇಶ ಪರೀಕ್ಷೆಗೆ ರಾಜ್ಯದ ಮೂಲೆ ಮೂಲೆಗಳಿಂದ ಮಕ್ಕಳು ಬಂದು ಕೂರುತ್ತಾರೆ. ಕನ್ನಡದಲ್ಲಿ ಕಲಿಸಿದರೆ ಜನ ಬರುವುದಿಲ್ಲ ಎಂಬುದು ಪೂರ್ತಿ ಸರಿಯಾದ ಮಾತಲ್ಲ. ಚೆನ್ನಾಗಿ ಕಲಿಸಿದಲ್ಲಿಗೆ ಜನ ಬರುತ್ತಾರೆ.

ಒಂದು ಕೋರಿಕೆ. ಈ ಭಾನುವಾರ ಮನೆಯ ಚಿಕ್ಕ ಮಗುವನ್ನು ಹತ್ತಿರ ಕೂರಿಸಿಕೊಂಡು ಅಜ್ಜಿ ಆಡುವ ಹತ್ತು ಪದಗಳನ್ನು, ತುಳುವೋ ಬ್ಯಾರಿಯೋ ಕೊಂಕಣಿಯೋ, ಕನ್ನಡ ಅಕ್ಷರದಲ್ಲಿ ಬರೆಯಿಸಿ. ಪಕ್ಕದಲ್ಲಿ ಕನ್ನಡ ಪದ ಬರೆಯಲಿ. ಆ ವಾರದಲ್ಲೇ ಒಂದು ಸಂಜೆ ನಿಮ್ಮ ಗ್ರಾಮ ಪಂಚಾಯತಿನ ಗ್ರಂಥಾಲಯಕ್ಕೆ, ಈಗ ‘ಅರಿವು ಕೇಂದ್ರ’ ಎಂದು ಬೋರ್ಡು ಹಾಕಿರುವ ಕೋಣೆಗೆ, ಕರೆದುಕೊಂಡು ಹೋಗಿ. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಆರಂಭವಾದಂದಿನಿಂದ ಅಲ್ಲಿ ಶಾಲಾ ಮಕ್ಕಳಿಗೆ ಸದಸ್ಯತ್ವ ಉಚಿತ.