ತೀರ್ಮಾನ ಮೊದಲೇ ಗೊತ್ತಿರುವ ಪ್ರಯೋಗ

ಉದ್ದೇಶ, ಬೇಕಾಗುವ ಸಾಮಗ್ರಿಗಳು, ವಿಧಾನ, ವೀಕ್ಷಣೆ, ತೀರ್ಮಾನ. ಹೈಸ್ಕೂಲು ದಾಟಿದ ಯಾರಿಗೂ ಈ ಐದು ತಲೆಬರಹಗಳ ಪರಿಚಯ ಮಾಡಿಕೊಡಬೇಕಿಲ್ಲ. ಗೆರೆ ಹಾಕಿದ ಬಲಪುಟದಲ್ಲಿ ಬರಹ, ಖಾಲಿ ಎಡಪುಟದಲ್ಲಿ ಪೆನ್ಸಿಲ್ ಚಿತ್ರ, ಕೆಳಗೆ ಮೇಷ್ಟ್ರ ಸಹಿ. ರೆಕಾರ್ಡ್ ಪುಸ್ತಕದ ಈ ಶಿಸ್ತನ್ನೇ ನಾವು ವೈಜ್ಞಾನಿಕ ವಿಧಾನ ಎಂದು ನಂಬಿಕೊಂಡು ಬಂದಿದ್ದೇವೆ. ಆದರೆ ಬಹುಪಾಲು ಶಾಲೆಗಳಲ್ಲಿ ಪ್ರಯೋಗಕ್ಕೆ ಕೈ ಹಾಕುವ ಮೊದಲೇ ಐದನೆಯ ತಲೆಬರಹದ ಕೆಳಗೆ ಏನು ಬರೆಯಬೇಕೆಂಬುದು ಎಲ್ಲರಿಗೂ ಗೊತ್ತಿರುತ್ತದೆ. ಅಳತೆ ಅದಕ್ಕೆ ಹೊಂದದಿದ್ದರೆ ರೀಡಿಂಗ್ ‘ಕುಕ್’ ಮಾಡುವ ವಿದ್ಯೆ ಹಿರಿಯ ವಿದ್ಯಾರ್ಥಿಗಳಿಂದ ಕಿರಿಯರಿಗೆ ಹರಿದು ಬರುತ್ತದೆ. ಇದಕ್ಕೆ ಮಕ್ಕಳ ಅಪ್ರಾಮಾಣಿಕತೆಯನ್ನು ದೂರಿದರೆ ಪ್ರಯೋಜನವಿಲ್ಲ. ಉತ್ತರ ಮೊದಲೇ ನಿಶ್ಚಯವಾಗಿರುವ ಕಡೆ ಅಳತೆಗೆ ಬೆಲೆ ಇರುವುದಿಲ್ಲ, ಮಕ್ಕಳು ಅದನ್ನು ಬೇಗ ಅರ್ಥ ಮಾಡಿಕೊಳ್ಳುತ್ತಾರೆ ಅಷ್ಟೆ. ಈ ಹಂತಗಳು ಗೆಲಿಲಿಯೊ ಕಾಲದಿಂದ ವಿಜ್ಞಾನಿಗಳು ಪಾಲಿಸಿಕೊಂಡು ಬಂದ ವಿಧಿಯೂ ಅಲ್ಲ. ತರಗತಿಯಲ್ಲಿ ಅವಕ್ಕೆ ಸಿಕ್ಕ ಈಗಿನ ಪಟ್ಟಕ್ಕೆ ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚು ವಯಸ್ಸು. ಅವು ಹುಟ್ಟಿದ್ದು ಬೇರೆ ಬೇರೆ ಅಗತ್ಯಗಳಿಗೆ.

19ನೇ ಶತಮಾನದ ಬಹುಭಾಗ ಶಾಲೆಯಲ್ಲಿ ವಿಜ್ಞಾನವೆಂದರೆ ಪಠ್ಯಪುಸ್ತಕ, ಹೆಚ್ಚೆಂದರೆ ಮೇಷ್ಟ್ರು ಮೇಜಿನ ಮೇಲೆ ಮಾಡಿ ತೋರಿಸುವ ಪ್ರಾತ್ಯಕ್ಷಿಕೆ. ವಿದ್ಯಾರ್ಥಿಯ ಕೈಗೆ ಉಪಕರಣ ಬಂದದ್ದರ ಹಿಂದೆ ಅಮೆರಿಕದ ಹಾರ್ವರ್ಡ್‌ನ ಪ್ರವೇಶ ನಿಯಮದ ಪಾಲು ದೊಡ್ಡದು. ಅಲ್ಲಿನ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಸ್ವತಃ ರಸಾಯನಶಾಸ್ತ್ರಜ್ಞ. ಭೌತಶಾಸ್ತ್ರ ಓದಿದ್ದೇನೆ ಎನ್ನುವ ಹುಡುಗ ಪ್ರಯೋಗಾಲಯದಲ್ಲಿ ಕೆಲಸ ಮಾಡಿರಬೇಕು ಎಂಬ ನಿಲುವಿನಿಂದ 1880ರ ದಶಕದಲ್ಲಿ ಸುಮಾರು 40 ಪ್ರಯೋಗಗಳ ಪಟ್ಟಿಯೊಂದು ಸಿದ್ಧವಾಯಿತು. ಅದನ್ನು ರೂಪಿಸಿದವರು ಎಡ್ವಿನ್ ಹಾಲ್. 1879ರಲ್ಲಿ ಕಂಡುಕೊಂಡ ‘ಹಾಲ್ ಪರಿಣಾಮ’ದಿಂದ ಭೌತಶಾಸ್ತ್ರದ ಪುಸ್ತಕಗಳಲ್ಲಿ ಇಂದಿಗೂ ಉಳಿದಿರುವ ಅದೇ ಹಾಲ್. ಪಟ್ಟಿ ಬಂದದ್ದೇ ತಡ, ಹೈಸ್ಕೂಲುಗಳು ಪ್ರಯೋಗಾಲಯ ಕಟ್ಟಲು ಮುಂದಾದವು. ಒಳ್ಳೆಯ ಉದ್ದೇಶ, ಒಳ್ಳೆಯ ಫಲ. ಆದರೆ ಪ್ರಯೋಗ ಪ್ರವೇಶದ ಅರ್ಹತೆಯಾದ ಕೂಡಲೇ ಅದಕ್ಕೊಂದು ಸಾಕ್ಷಿ ಬೇಕಾಯಿತು, ಆ ಸಾಕ್ಷಿಯೇ ನೋಟುಬುಕ್ಕು. ಸಾವಿರಾರು ಹುಡುಗರ ನೋಟುಬುಕ್ಕುಗಳನ್ನು ತಾಳೆ ನೋಡಬೇಕಾದರೆ ಎಲ್ಲವೂ ಒಂದೇ ಅಚ್ಚಿನಲ್ಲಿದ್ದರೆ ಸಲೀಸು. ವಿಚಾರಣೆಗೆ ಇರಬೇಕಾದ ಪುಸ್ತಕ ತಪಾಸಣೆಗೆ ಇರುವ ಪುಸ್ತಕವಾಗುವ ದಾರಿ ಅಲ್ಲಿಗೇ ತೆರೆದುಕೊಂಡಿತು.

ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ರಸಾಯನಶಾಸ್ತ್ರಜ್ಞ ತದ್ವಿರುದ್ಧ ದಿಕ್ಕಿನಲ್ಲಿ ಹೊರಟಿದ್ದರು. ಮಕ್ಕಳು ತಾವೇ ಕಂಡುಕೊಳ್ಳುವಂತೆ ಮಾಡುವುದೇ ಬೋಧನೆ ಎಂದು 1898ರ ಪ್ರಬಂಧದಲ್ಲಿ ಅವರು ವಾದಿಸಿದರು. ಕಬ್ಬಿಣ ತುಕ್ಕು ಹಿಡಿದಾಗ ಏನಾಗುತ್ತದೆ, ತೂಕ ಹೆಚ್ಚುತ್ತದೋ ಕಡಿಮೆಯಾಗುತ್ತದೋ, ಹೆಚ್ಚಿದರೆ ಎಲ್ಲಿಂದ ಬಂತು? ಇಂಥ ಪ್ರಶ್ನೆ ಕೊಟ್ಟು ಮೇಷ್ಟ್ರು ಹಿಂದೆ ಸರಿಯಬೇಕು. ಈ ಪದ್ಧತಿ ಒಂದಷ್ಟು ಕಾಲ ಹುರುಪು ಹುಟ್ಟಿಸಿ, ಮೊದಲ ಮಹಾಯುದ್ಧದ ಹೊತ್ತಿಗೆ ಸೊರಗಿತು. ಟೀಕಾಕಾರರು ಎತ್ತಿದ ತಕರಾರಿನಲ್ಲಿ ಹುರುಳಿತ್ತು: ಮನುಕುಲ ಶತಮಾನಗಳಲ್ಲಿ ಕಂಡುಕೊಂಡದ್ದನ್ನು ವಾರಕ್ಕೆ ನಾಲ್ಕು ಪೀರಿಯಡ್‌ಗಳಲ್ಲಿ ಒಂದು ಮಗು ಮತ್ತೆ ಕಂಡುಕೊಳ್ಳಲಾರದು.

ಇವೆರಡರ ನಡುವೆ ಅಮೆರಿಕದ ತತ್ತ್ವಜ್ಞಾನಿ ಜಾನ್ ಡ್ಯೂಯಿ ಬಂದರು. ಮನುಷ್ಯ ಯೋಚಿಸುವುದು ಹೇಗೆ ಎಂಬುದನ್ನೇ ವಿಷಯವಾಗಿಸಿಕೊಂಡ 1910ರ ತಮ್ಮ ಪುಸ್ತಕದಲ್ಲಿ ಅವರು ಐದು ಹಂತಗಳನ್ನು ಗುರುತಿಸಿದರು. ಮೊದಲು ಎಲ್ಲೋ ಒಂದು ತೊಡಕು ಅನುಭವಕ್ಕೆ ಬರುತ್ತದೆ. ಆ ತೊಡಕು ಏನೆಂದು ಸ್ಪಷ್ಟವಾಗುತ್ತದೆ. ಒಂದು ಪರಿಹಾರ ಹೊಳೆಯುತ್ತದೆ. ಅದು ನಿಜವಾದರೆ ಮತ್ತೇನು ನಿಜವಾಗಬೇಕು ಎಂಬ ತರ್ಕ ನಡೆಯುತ್ತದೆ. ಕೊನೆಗೆ ಇನ್ನಷ್ಟು ನೋಡಿ, ಪರೀಕ್ಷಿಸಿ ಅದನ್ನು ಒಪ್ಪುತ್ತೇವೆ ಇಲ್ಲವೆ ಬಿಡುತ್ತೇವೆ. ಡ್ಯೂಯಿ ಬರೆದದ್ದು ವರ್ಣನೆ. ಶಿಕ್ಷಕರ ತರಬೇತಿ ಕಾಲೇಜುಗಳು ಅದನ್ನು ಓದಿದ್ದು ಆದೇಶದಂತೆ. ಪಠ್ಯಪುಸ್ತಕ ಬರೆಯುವವರಿಗೂ ಇದು ಅನುಕೂಲವಾಯಿತು: ಮೊದಲ ಅಧ್ಯಾಯಕ್ಕೆ ಹಂತಗಳ ಪಟ್ಟಿ ಸಿಕ್ಕಿತು, ಪರೀಕ್ಷೆಗೆ ಪ್ರಶ್ನೆಯೂ ಸಿಕ್ಕಿತು. 1933ರ ಪರಿಷ್ಕೃತ ಆವೃತ್ತಿಯಲ್ಲಿ ಡ್ಯೂಯಿ ಈ ಹಂತಗಳಿಗೆ ನಿಗದಿತ ಕ್ರಮವಿಲ್ಲ ಎಂದು ತಾವೇ ಸ್ಪಷ್ಟಪಡಿಸಿದರು. ಅಷ್ಟರಲ್ಲಿ ಪಟ್ಟಿ ಅವರ ಕೈಮೀರಿ ಹೋಗಿತ್ತು. ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಡ್ಯೂಯಿಯ ಐದರಲ್ಲಿ ಮೊದಲನೆಯದು ತೊಡಕು. ನಮ್ಮ ರೆಕಾರ್ಡ್ ಪುಸ್ತಕದ ಐದರಲ್ಲಿ ತೊಡಕಿಗೆ ಜಾಗವೇ ಇಲ್ಲ. ಅಲ್ಲಿ ಮೊದಲನೆಯದು ಉದ್ದೇಶ, ಅದೂ ಮೇಷ್ಟ್ರು ಬರೆಸಿದ್ದು.

ವಿಜ್ಞಾನಿಗಳೇ ಈ ಅಚ್ಚನ್ನು ಒಪ್ಪಲಿಲ್ಲ. ಹಾರ್ವರ್ಡ್‌ನ ಅಧ್ಯಕ್ಷರೂ ರಸಾಯನಶಾಸ್ತ್ರಜ್ಞರೂ ಆಗಿದ್ದ ಜೇಮ್ಸ್ ಕೊನಾಂಟ್, ಎಲ್ಲಕ್ಕೂ ಹೊಂದುವ ಏಕೈಕ ವೈಜ್ಞಾನಿಕ ವಿಧಾನವೆಂಬುದು ಇಲ್ಲವೆಂದು 1947ರಲ್ಲಿ ಪ್ರಕಟವಾದ ಉಪನ್ಯಾಸಗಳಲ್ಲಿ ವಾದಿಸಿದರು. ನೊಬೆಲ್ ಪುರಸ್ಕೃತ ಜೀವವಿಜ್ಞಾನಿ ಪೀಟರ್ ಮೆಡವಾರ್ 1963ರ ಬಿಬಿಸಿ ಭಾಷಣವೊಂದರಲ್ಲಿ ಇನ್ನೂ ಖಾರವಾಗಿ, ಸಂಶೋಧನಾ ಪ್ರಬಂಧವೇ ಒಂದು ವಂಚನೆಯೇ ಎಂದು ಕೇಳಿದರು. ಅಂಕಿಅಂಶ ಸುಳ್ಳು ಎಂದಲ್ಲ ಅವರ ಮಾತು. ಊಹೆ, ಎಡವಟ್ಟು, ಹಿಂದುಮುಂದಾದ ಯೋಚನೆಗಳಿಂದ ನಡೆದ ಕೆಲಸವನ್ನು ವಿಧಾನ, ಫಲಿತಾಂಶ, ಚರ್ಚೆ ಎಂದು ಸಾಲಾಗಿ ಜೋಡಿಸಿದಾಗ ಅದು ನಡೆದ ರೀತಿಯೇ ಮರೆಯಾಗುತ್ತದೆ ಎಂಬುದು ಅವರ ಆಕ್ಷೇಪ. ಅಂದರೆ ಈ ತಲೆಬರಹಗಳು ಮುಗಿದ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸುವ ಕ್ರಮ. ಆ ಮಟ್ಟಿಗೆ ಅವು ಬೇಕು. ಕೆಲಸ ಮಾಡುವ ಕ್ರಮವೂ ಅದೇ ಎಂದು ಮಕ್ಕಳಿಗೆ ಹೇಳಿಕೊಟ್ಟದ್ದು ಶಾಲೆಯ ತಪ್ಪು.

ಆ ತಪ್ಪಿನಿಂದ ಏನಾಗುತ್ತದೆಂದು ನೋಡಲು ತಟ್ಟೆ, ನೀರು, ಮೇಣದಬತ್ತಿ ಮತ್ತು ಗಾಜಿನ ಲೋಟ ಸಾಕು. ನೀರಿರುವ ತಟ್ಟೆಯಲ್ಲಿ ಉರಿಯುವ ಬತ್ತಿ ನಿಲ್ಲಿಸಿ ಲೋಟ ಮಗುಚಿದರೆ ಬತ್ತಿ ಆರುತ್ತದೆ, ನೀರು ಲೋಟದೊಳಗೆ ಏರುತ್ತದೆ. ತೀರ್ಮಾನ: ಬತ್ತಿ ಆಮ್ಲಜನಕವನ್ನು ಬಳಸಿಕೊಂಡಿತು, ಅದರ ಜಾಗಕ್ಕೆ ನೀರು ಬಂತು, ಆದ್ದರಿಂದ ಗಾಳಿಯಲ್ಲಿ ಐದನೆಯ ಒಂದು ಪಾಲು ಆಮ್ಲಜನಕ. ತಲೆಮಾರುಗಳಿಂದ ಹೀಗೆ ಬರೆಸಲಾಗಿದೆ. ಈಗ ಸುಮ್ಮನೆ ದಿಟ್ಟಿಸಿ ನೋಡಿ. ಲೋಟ ಮಗುಚುವಾಗ ಅಂಚಿನಿಂದ ಒಂದೆರಡು ಗುಳ್ಳೆ ಹೊರಗೆ ಹೋಗುವುದುಂಟು. ಬತ್ತಿ ಉರಿಯುತ್ತಿರುವಾಗ ನೀರು ಅಷ್ಟಾಗಿ ಏರುವುದಿಲ್ಲ. ಆರಿದ ಮೇಲೆ ಸರ್ರನೆ ಏರುತ್ತದೆ. ಆಮ್ಲಜನಕ ಮುಗಿಯುವುದೇ ಕಾರಣವಾಗಿದ್ದರೆ ಉರಿಯುವಾಗಲೇ ಏರಬೇಕಿತ್ತು. ಒಂದರ ಬದಲು ಮೂರು ಬತ್ತಿ ಇಡಿ. ಲೋಟ ಅದೇ, ಆಮ್ಲಜನಕವೂ ಅಷ್ಟೇ, ಆದರೂ ನೀರು ಇನ್ನೂ ಮೇಲೆ ಬರುತ್ತದೆ. ಇಲ್ಲಿ ಹೆಚ್ಚಿನ ಕೆಲಸ ಬಿಸಿಯದು: ಜ್ವಾಲೆಯ ಸುತ್ತ ಹಿಗ್ಗಿದ ಗಾಳಿ ಬತ್ತಿ ಆರಿದಾಗ ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ದೂಡುತ್ತದೆ. ಆಮ್ಲಜನಕವಂತೂ ಪೂರ್ತಿ ಮುಗಿದಿರುವುದೇ ಇಲ್ಲ. ಶೇ 21ರಿಂದ ಶೇ 16ರ ಆಸುಪಾಸಿಗೆ ಇಳಿಯುತ್ತಲೇ ಬತ್ತಿ ಆರಿಬಿಡುತ್ತದೆ, ಉರಿದದ್ದರ ಬದಲಿಗೆ ಇಂಗಾಲದ ಡೈಆಕ್ಸೈಡ್ ಕೂಡ ಸೇರಿರುತ್ತದೆ. ಐದನೆಯ ಒಂದು ಪಾಲು ನಿಜವಾಗಿ ಸಿಗುವುದು ಆರ್ಮ್‌ಸ್ಟ್ರಾಂಗ್‌ರ ತುಕ್ಕಿನಿಂದ. ಪ್ರನಾಳದ ಒಳಮೈಗೆ ಒದ್ದೆ ಕಬ್ಬಿಣದ ಪುಡಿ ಅಂಟಿಸಿ ನೀರಿನಲ್ಲಿ ಮಗುಚಿ ಕೆಲವು ದಿನ ಬಿಟ್ಟರೆ ನೀರು ಸುಮಾರು ಅಷ್ಟೇ ಏರಿ ನಿಲ್ಲುತ್ತದೆ. ಬತ್ತಿಯ ಪ್ರಯೋಗದ ಕೊರತೆ ಉಪಕರಣದ್ದಲ್ಲ. ಎರಡನೆಯ ಬತ್ತಿ ಹಚ್ಚಿ ನೋಡೋಣ ಎಂದು ಯಾರೂ ಹೇಳದಂತೆ ತರಗತಿಯನ್ನು ಕಟ್ಟಿದ್ದು ಕೊರತೆ.

ಬೇರೆ ರೀತಿ ಕಟ್ಟಬಹುದೆಂಬುದಕ್ಕೆ ಸಾಕ್ಷಿ ಹುಡುಕಿ ವಿದೇಶಕ್ಕೆ ಹೋಗಬೇಕಿಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ಪ್ರಯತ್ನ ಶುರುವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಮುಂದೆ ನಿಂತವು; ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಜೊತೆಗೂಡಿದರು. ಶಾಲೆಗಳು ಹಳ್ಳಿಯ ಸರ್ಕಾರಿ ಶಾಲೆಗಳು, ಮೇಷ್ಟ್ರುಗಳು ಅಲ್ಲಿನವರೇ. ಮಕ್ಕಳು ಗುಂಪು ಗುಂಪಾಗಿ ಕೂತು ಕಿಟ್ ಬಿಚ್ಚಿ ಪ್ರಯೋಗ ಮಾಡಬೇಕು. ‘ಬಾಲ್ ವೈಜ್ಞಾನಿಕ್’ ಎಂಬ ಅವರ ಪುಸ್ತಕದಲ್ಲಿ ಮಾಡುವ ಬಗೆ ಇತ್ತು, ಪ್ರಶ್ನೆಗಳಿದ್ದವು, ಉತ್ತರ ಇರಲಿಲ್ಲ. ಎಲ್ಲ ಗುಂಪುಗಳ ಅಂಕಿ ಕರಿಹಲಗೆಗೆ ಬಂದ ಮೇಲೆ, ಒಂದು ಗುಂಪಿನದು ಏಕೆ ಬೇರೆಯಾಯಿತು ಎಂಬ ಚರ್ಚೆಯಿಂದ ತೀರ್ಮಾನ ಹುಟ್ಟಬೇಕು. ಹೂವು ಬಿಡಿಸಲು ಸೂಜಿಯ ಬದಲು ಜಾಲಿಮುಳ್ಳು. 1978ರಲ್ಲಿ ಟೆಲ್ಕೊ ಕಂಪನಿಯಿಂದ ರಜೆ ಹಾಕಿ ಬಂದ ಎಂಜಿನಿಯರ್ ಅರವಿಂದ ಗುಪ್ತಾ, ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಗೆ ಬೆಂಕಿಕಡ್ಡಿ ಸಿಕ್ಕಿಸಿ ಜ್ಯಾಮಿತಿ ಕಲಿಸುವ ಆಟಿಕೆಗಳನ್ನು ಕಂಡುಕೊಂಡದ್ದು ಇಲ್ಲಿಯೇ. ಮಕ್ಕಳ ಅನುಮಾನಗಳಿಗೆ ಉತ್ತರಿಸಲು ‘ಸವಾಲಿರಾಮ’ನೆಂಬ ಕಾಲ್ಪನಿಕ ವ್ಯಕ್ತಿಯಿದ್ದ, ಅವನಿಗೆ ಅವರು ಕಾಗದ ಬರೆಯುತ್ತಿದ್ದರು. ನನ್ನ ಮಟ್ಟಿಗೆ ಈ ಎಲ್ಲಕ್ಕಿಂತ ದೊಡ್ಡ ಕೆಲಸ ಪರೀಕ್ಷೆಯದು: ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಲಿಖಿತ ಪರೀಕ್ಷೆ, ಜೊತೆಗೆ ಪ್ರಾಯೋಗಿಕ ಪರೀಕ್ಷೆ. 1978ರಲ್ಲಿ ಕಾರ್ಯಕ್ರಮ ಇಡೀ ಜಿಲ್ಲೆಗೆ ಹರಡಿತು, 1982ರಲ್ಲಿ ಅದನ್ನು ನಡೆಸಲೆಂದು ‘ಏಕಲವ್ಯ’ ಸಂಸ್ಥೆ ಹುಟ್ಟಿತು. 2002ರಲ್ಲಿ ರಾಜ್ಯ ಸರ್ಕಾರ ಈ ಕಾರ್ಯಕ್ರಮವನ್ನು ನಿಲ್ಲಿಸಿತು. ಮೂವತ್ತು ವರ್ಷ ಸರ್ಕಾರಿ ವ್ಯವಸ್ಥೆಯೊಳಗೇ ನಡೆದದ್ದನ್ನು ಆಗದ ಕೆಲಸ ಎನ್ನುವಂತಿಲ್ಲ.

ನಿಂತ ಮೂರೇ ವರ್ಷಕ್ಕೆ, ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ವಿಜ್ಞಾನ ಬೋಧನೆಯ ದಾಖಲೆ ವೈಜ್ಞಾನಿಕ ವಿಧಾನದ ಹಂತಗಳನ್ನು ಹೆಸರಿಸಿ, ಅವಕ್ಕೆ ಕಟ್ಟುನಿಟ್ಟಾದ ಅನುಕ್ರಮವಿಲ್ಲವೆಂದು ಬರೆಯಿತು. 1993ರಲ್ಲಿ ಶುರುವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶದಲ್ಲಿ ಮಕ್ಕಳು ತಮ್ಮೂರಿನ ಸಮಸ್ಯೆಯನ್ನು ಆರಿಸಿ ಅಧ್ಯಯನ ಮಾಡುತ್ತಾರೆ. ಕರ್ನಾಟಕದಲ್ಲಿ ಅದನ್ನು ನಡೆಸಿಕೊಂಡು ಬಂದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ‘ಬಾಲ ವಿಜ್ಞಾನ’ ಪತ್ರಿಕೆಯ ಮೂಲಕ ಕನ್ನಡದಲ್ಲಿ ಮಾಡಿದ ಕೆಲಸವೂ ಸಣ್ಣದಲ್ಲ. ಆದರೆ ಸಮಾವೇಶ ತಲುಪುವುದು ಶಾಲೆಗೆ ಒಂದೆರಡು ತಂಡಗಳನ್ನು. ಉಳಿದವರ ಪಾಲಿಗೆ ರೆಕಾರ್ಡ್ ಪುಸ್ತಕವೇ ವಿಜ್ಞಾನ.

ಇಷ್ಟು ಹೇಳಿದ ಮೇಲೆ ಎದುರಿನ ವಾದವನ್ನೂ ಕೇಳಬೇಕು. ಮಕ್ಕಳನ್ನು ಅವರ ಪಾಡಿಗೆ ಬಿಟ್ಟರೆ ಕಲಿಯುತ್ತಾರೆಂಬುದಕ್ಕೆ ಆಧಾರ ದುರ್ಬಲವೆಂದು ಕಲಿಕೆಯ ಸಂಶೋಧಕರಾದ ಕಿರ್ಷ್‌ನರ್, ಸ್ವೆಲ್ಲರ್ ಮತ್ತು ಕ್ಲಾರ್ಕ್ 2006ರ ಪ್ರಬಂಧವೊಂದರಲ್ಲಿ ಬಲವಾಗಿ ವಾದಿಸಿದರು: ಹಿಂದಿನ ತಿಳಿವಳಿಕೆ ಇಲ್ಲದ ಮಗುವಿನ ಗಮನವೆಲ್ಲ ತಡಕಾಟದಲ್ಲೇ ಖರ್ಚಾಗುತ್ತದೆ. ಇದಕ್ಕೂ ಮೊದಲು, 2004ರಲ್ಲಿ, ಕ್ಲಾರ್ ಮತ್ತು ನಿಗಮ್ ಪ್ರಕಟಿಸಿದ ಅಧ್ಯಯನ ಇನ್ನೂ ನೇರವಾಗಿದೆ. ಮೂರು, ನಾಲ್ಕನೆಯ ತರಗತಿಯ ಮಕ್ಕಳಿಗೆ ಇಳಿಜಾರಿನಲ್ಲಿ ಚೆಂಡು ಉರುಳಿಸುವ ಕೆಲಸ. ಇಳಿಜಾರಿನ ಎತ್ತರ, ಮೇಲ್ಮೈ, ಚೆಂಡು ಇವುಗಳಲ್ಲಿ ಒಮ್ಮೆಗೆ ಒಂದನ್ನೇ ಬದಲಿಸಬೇಕೆಂದು ಹೇಳಿಕೊಟ್ಟ ಗುಂಪಿನಲ್ಲಿ ಶೇ 77 ಮಕ್ಕಳಿಗೆ ಅದು ಕರಗತವಾಯಿತು. ತಾವೇ ಕಂಡುಕೊಳ್ಳಲಿ ಎಂದು ಬಿಟ್ಟವರಲ್ಲಿ ಶೇ 23 ಮಕ್ಕಳಿಗೆ ಮಾತ್ರ. ಈ ಫಲಿತಾಂಶವನ್ನು ಒಪ್ಪಲೇಬೇಕು. ಒಪ್ಪಿದರೂ ರೆಕಾರ್ಡ್ ಪುಸ್ತಕಕ್ಕೆ ಇದರಿಂದ ಬಲ ಬರುವುದಿಲ್ಲ. ಇಲ್ಲಿ ಹೇಳಿಕೊಟ್ಟದ್ದು ನ್ಯಾಯವಾಗಿ ಹೋಲಿಸುವ ಉಪಾಯವನ್ನು, ಚೆಂಡು ಎಷ್ಟು ದೂರ ಹೋಗುತ್ತದೆ ಎಂಬ ಉತ್ತರವನ್ನಲ್ಲ. ನಮ್ಮ ತರಗತಿ ಮಾಡುವುದು ಇದರ ತಿರುಗುಮುರುಗು: ಉತ್ತರ ಹೇಳಿಕೊಡುತ್ತೇವೆ, ಹೋಲಿಸುವ ಉಪಾಯ ತಾನಾಗಿ ಬರುತ್ತದೆಂದು ಬಿಟ್ಟುಬಿಡುತ್ತೇವೆ.

ಉತ್ತರವನ್ನು ಖಚಿತಪಡಿಸುವುದಕ್ಕೆಂದೇ ನಡೆಯುವ ಪ್ರಯೋಗಗಳಿಂದ ಪಾಠವಾದರೂ ಗಟ್ಟಿಯಾಗುತ್ತದೆಯೇ? ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ ಮತ್ತು ನತಾಶಾ ಹೋಮ್ಸ್ ಅಮೆರಿಕದ ಮೂರು ಸಂಸ್ಥೆಗಳ ಒಂಬತ್ತು ಕೋರ್ಸ್‌ಗಳನ್ನು ಪರಿಶೀಲಿಸಿ 2018ರಲ್ಲಿ ಬರೆದ ಪ್ರಕಾರ, ಅಂಥ ಲ್ಯಾಬ್‌ಗಳಿಂದ ಪರೀಕ್ಷೆಯ ಅಂಕಕ್ಕೆ ಆದ ಲಾಭ ಹೆಚ್ಚುಕಡಿಮೆ ಸೊನ್ನೆ. ಹೋಮ್ಸ್ ತಂಡ 2015ರಲ್ಲಿ ಕೈಗೆತ್ತಿಕೊಂಡದ್ದು ನಮ್ಮ ಪಿಯು ಲ್ಯಾಬಿನ ಸರಳ ಲೋಲಕವನ್ನೇ. ಕೋನ ಬದಲಾದರೂ ಆಂದೋಲನದ ಅವಧಿ ಬದಲಾಗದು ಎನ್ನುತ್ತದೆ ಪುಸ್ತಕ. ವಿದ್ಯಾರ್ಥಿಗಳಿಗೆ ಕೊಟ್ಟ ಸೂಚನೆ ಇಷ್ಟೆ: 10 ಮತ್ತು 20 ಡಿಗ್ರಿಯ ಅಳತೆಗಳನ್ನು ಹೋಲಿಸಿ, ವ್ಯತ್ಯಾಸ ನಂಬುವಂಥದ್ದೇ ನೋಡಿ, ಅಳತೆಯನ್ನು ಉತ್ತಮಪಡಿಸಿ ಮತ್ತೆ ಮಾಡಿ. ಒಂದು ಮೀಟರ್ ಲೋಲಕದ 20 ಆಂದೋಲನಕ್ಕೆ ಈ ಎರಡು ಕೋನಗಳ ನಡುವಿನ ಅಂತರ ಕಾಲು ಸೆಕೆಂಡಿನಷ್ಟು; ಸ್ಟಾಪ್‌ವಾಚ್ ಒತ್ತುವ ಬೆರಳಿನ ತಪ್ಪಿನಲ್ಲಿ ಅದು ಮುಚ್ಚಿಹೋಗಬಹುದು. 50 ಆಂದೋಲನ ಎಣಿಸಿದರೆ ಅಂತರ ಸುಮಾರು ಅರ್ಧ ಸೆಕೆಂಡು, ಆಗ ತಲೆ ಎತ್ತುತ್ತದೆ. ಪುಸ್ತಕದ ಮಾತು ಸಣ್ಣ ಕೋನಕ್ಕೆ ಸೀಮಿತವಾದ ಅಂದಾಜು ಎಂಬುದು ಹೀಗೆ ಅಳೆದವರಿಗೆ ಅಳತೆಯಿಂದಲೇ ತಿಳಿಯುತ್ತದೆ. ಹೀಗೆ ತರಬೇತಾದವರು, ಮಾಮೂಲಿ ಲ್ಯಾಬ್ ಮಾಡಿದವರಿಗಿಂತ 12 ಪಟ್ಟು ಹೆಚ್ಚಾಗಿ, ಪ್ರಯೋಗವನ್ನು ಸುಧಾರಿಸುವ ಬದಲಾವಣೆಗಳನ್ನು ತಾವಾಗಿ ಸೂಚಿಸಿದರು ಅಥವಾ ಮಾಡಿದರು. ಉಪಕರಣ ಹಳೆಯದೇ. ಹೊಸದಾಗಿ ಕೊಟ್ಟದ್ದು ಎರಡನೆಯ ಸಲ ಅಳೆಯುವ ಅವಕಾಶ.

ಆ ಅವಕಾಶವೇ ಇಲ್ಲ ಎನ್ನುತ್ತಾರೆ ಶಿಕ್ಷಕರು. ತರಗತಿಯಲ್ಲಿ 60 ಮಕ್ಕಳು, ನಲವತ್ತು ನಿಮಿಷದ ಪೀರಿಯಡ್, ಮುಗಿಸಲೇಬೇಕಾದ ಸಿಲೆಬಸ್. ಇದು ನೆಪವಲ್ಲ, ನಿಜವಾದ ಕಷ್ಟ. ಹಾಗಾಗಿ ಎಲ್ಲ ಪ್ರಯೋಗಗಳನ್ನೂ ತೆರೆದಿಡಿ ಎಂದು ಕೇಳುವುದು ಸರಿಯಲ್ಲ. ವರ್ಷಕ್ಕೆ ಮೂರು ಪ್ರಯೋಗ, ಅವುಗಳ ತೀರ್ಮಾನ ಪಠ್ಯದಲ್ಲಿ ಅಚ್ಚಾಗದಂತೆ ನೋಡಿಕೊಂಡರೆ ಸಾಕು. ಉಳಿದವು ಈಗಿನಂತೆಯೇ ನಡೆಯಲಿ. ಬ್ಯುರೆಟ್ ಹಿಡಿಯುವುದನ್ನು, ತಕ್ಕಡಿ ಬಳಸುವುದನ್ನು ಹೇಳಿಕೊಟ್ಟೇ ಕಲಿಸಬೇಕು. ಆದರೆ ಅಂಕ ಕದಲದೆ ಶಾಲೆ ಕದಲುವುದಿಲ್ಲ ಎಂಬುದನ್ನು ಹಾರ್ವರ್ಡ್‌ನ ಪಟ್ಟಿಯೂ ಹೋಶಂಗಾಬಾದ್‌ನ ಪರೀಕ್ಷೆಯೂ ತೋರಿಸಿವೆ. ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನದ 100 ಅಂಕಗಳಲ್ಲಿ 20 ಆಂತರಿಕ ಮೌಲ್ಯಮಾಪನಕ್ಕಿವೆ. ಆ 20ರಲ್ಲಿ ಐದನ್ನು, ತನ್ನ ಅಳತೆ ಪುಸ್ತಕದ ಬೆಲೆಗೆ ಹೊಂದದಿದ್ದಾಗ ಏಕೆಂದು ಕಾರಣ ಬರೆದು, ಅದನ್ನು ಪರೀಕ್ಷಿಸಿದ ವಿದ್ಯಾರ್ಥಿಗೆ ಮೀಸಲಿಡಿ. ಇದಕ್ಕೆ ಹೊಸ ಲ್ಯಾಬ್ ಬೇಡ, ಹೊಸ ಪಠ್ಯಪುಸ್ತಕ ಬೇಡ. ಪರೀಕ್ಷಾ ಮಂಡಳಿಯ ಒಂದು ಸುತ್ತೋಲೆ ಸಾಕು.