ನಂದಿಯ ತಪ್ಪಲಿನ ದ್ರಾಕ್ಷಾರಸ

ಬಲಿಪೂಜೆಯಲ್ಲಿ ಗುರುಗಳು ಪಾನಪಾತ್ರೆಗೆ ಸುರಿಯುವ ದ್ರಾಕ್ಷಾರಸವನ್ನು ನಾವೆಲ್ಲರೂ ಕಂಡಿದ್ದೇವೆ. ದ್ರಾಕ್ಷಿ ರಸವಾಗುವ ಬಗೆಯನ್ನು ಕಂಡವರು ಕಡಿಮೆ. ಅದಕ್ಕಾಗಿ ಇಟಲಿಗೋ ಫ್ರಾನ್ಸಿಗೋ ಹೋಗಬೇಕಾಗಿಲ್ಲ. ನಮ್ಮ ಕಾಮಾಕ್ಷಿಪಾಳ್ಯದಿಂದ ಸುಮಾರು 60 ಕಿ.ಮೀ. ದೂರದಲ್ಲಿ ನಂದಿ ಬೆಟ್ಟದ ತಪ್ಪಲಿದೆ.

ಲೋಕದ ಹೆಚ್ಚಿನ ವೈನ್ ತೋಟಗಳಿರುವುದು 30ರಿಂದ 50 ಡಿಗ್ರಿ ಅಕ್ಷಾಂಶದ ನಾಡುಗಳಲ್ಲಿ. ನಾವಿರುವುದು 13 ಡಿಗ್ರಿಯಲ್ಲಿ. ಇಲ್ಲಿ ನಮ್ಮ ಕೈ ಹಿಡಿದಿರುವುದು ಎತ್ತರ. ಬೆಟ್ಟದ ನೆತ್ತಿ 1,478 ಮೀಟರ್. ಕೆಳಗಿನ ದೊಡ್ಡಬಳ್ಳಾಪುರದ ಬಯಲೂ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಗಲಿನ ಬಿಸಿಲು ಹಣ್ಣಿಗೆ ಸಕ್ಕರೆ ತುಂಬುತ್ತದೆ, ರಾತ್ರಿಯ ತಂಪು ಹುಳಿಯನ್ನು ಕಾಯುತ್ತದೆ. ಹುಳಿಯಿಲ್ಲದ ವೈನ್ ಸಪ್ಪೆ, ಬೇಗ ಕೆಡುತ್ತದೆ ಕೂಡ. ಇದನ್ನರಿತು 1988ರಲ್ಲಿ ಕನ್ವಲ್ ಗ್ರೋವರ್ ಅವರು ಫ್ರಾನ್ಸಿನ ತಜ್ಞ ಜಾರ್ಜ್ ವೆಸೆಲ್ ಅವರ ನೆರವಿನಿಂದ ಇಲ್ಲಿ ಫ್ರೆಂಚ್ ತಳಿಗಳ ತೋಟ ಆರಂಭಿಸಿದರು.

ಆದರೆ ಎತ್ತರ ಎಲ್ಲವನ್ನೂ ಕೊಡುವುದಿಲ್ಲ. ಯೊವಾನ್ನರ ಶುಭಸಂದೇಶದ 15ನೇ ಅಧ್ಯಾಯದಲ್ಲಿ ಪ್ರಭು ಯೇಸು ಬಳ್ಳಿ ಸವರುವ ತೋಟಗಾರನ ಮಾತನ್ನಾಡುತ್ತಾರಷ್ಟೆ? ಆ ನಾಡಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆಯುದುರಿಸಿ ಮಲಗುತ್ತದೆ; ಮಲಗಿದ ಬಳ್ಳಿಯನ್ನು ವರ್ಷಕ್ಕೊಮ್ಮೆ ಸವರಿದರೆ ಸಾಕು. ನಮ್ಮ ಬಳ್ಳಿಗೆ ನಿದ್ರೆಯೇ ಇಲ್ಲ. ಆ ಚಳಿಗಾಲದ ಕೆಲಸವನ್ನು ರೈತನ ಕತ್ತರಿಯೇ ಮಾಡಬೇಕು, ಅದೂ ಎರಡು ಸಲ. ಕೊಯ್ಲಾದ ಮೇಲೆ ಬೇಸಿಗೆಯಲ್ಲಿ ಒಮ್ಮೆ ಸವರಿದರೆ ಹೊಸ ಕಡ್ಡಿಗಳು ಬಂದು ಅವುಗಳೊಳಗೆ ಹೂವಿನ ಮೊಗ್ಗು ಅಡಗಿ ಕೂರುತ್ತದೆ. ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಆ ಕಡ್ಡಿಗಳನ್ನು ಮತ್ತೆ ಸವರಿದರೆ ಹೂವು ಹೊರಬರುತ್ತದೆ. ಕೊಯ್ಲು ಫೆಬ್ರವರಿ–ಮಾರ್ಚಿಗೆ. ಎರಡನೆಯ ಸವರುವಿಕೆಯ ನಂತರ ಮಳೆ ಹಿಡಿದು ನಿಂತರೆ ಎಲೆಯಡಿಯಲ್ಲಿ ಬಿಳಿ ಬೂಜು ಏಳುತ್ತದೆ. ಹೂಗೊಂಚಲು ಒಣಗಿದರೆ ಆ ವರ್ಷದ ದುಡಿಮೆ ಹೋದಂತೆಯೇ. ರೈತ ಕತ್ತರಿ ಹಿಡಿಯುವ ಮುನ್ನ ಆಕಾಶ ನೋಡುವುದು ಇದಕ್ಕೇ.

ನಮ್ಮ ಬೀದಿಗಳಲ್ಲಿ ತಳ್ಳುಗಾಡಿಯ ಮೇಲೆ ಬರುವ ಕಪ್ಪು ದ್ರಾಕ್ಷಿ, ಅಂದರೆ 2013ರಲ್ಲಿ ಭೌಗೋಳಿಕ ಗುರುತು ಪಡೆದ 'ಬೆಂಗಳೂರು ನೀಲಿ', ಇದೇ ಸೀಮೆಯದು. ದಪ್ಪ ಸಿಪ್ಪೆ, ಬೀಜ, ಗಾಢ ಪರಿಮಳ. ಅದರಿಂದ ಸಿಹಿ ವೈನ್ ಮಾಡುತ್ತಾರೆ.

ಮುಂದಿನ ಕೆಲಸ ಕಣ್ಣಿಗೆ ಕಾಣದ ಯೀಸ್ಟಿನದು. ಜಜ್ಜಿದ ಹಣ್ಣಿನ ಸಕ್ಕರೆಯನ್ನು ಅದು ಮದ್ಯಸಾರವಾಗಿ ಮಾರ್ಪಡಿಸುತ್ತದೆ. ಒಂದು ಲೀಟರಿನಲ್ಲಿ ಸುಮಾರು 17 ಗ್ರಾಂ ಸಕ್ಕರೆಯಿದ್ದರೆ ಶೇ. 1ರಷ್ಟು. ಕೆಂಪು ಬಣ್ಣವಿರುವುದು ಸಿಪ್ಪೆಯಲ್ಲಿ. ಆದ್ದರಿಂದ ಕೆಂಪು ವೈನಿಗೆ ಸಿಪ್ಪೆಯೊಡನೆಯೇ ಹುದುಗಿಸುತ್ತಾರೆ, ಬಿಳಿಯದಕ್ಕೆ ಮೊದಲೇ ಬೇರ್ಪಡಿಸುತ್ತಾರೆ. ಗಾಳಿ ತಗುಲಿದರೆ ವಿನೆಗರ್ ಆದೀತು.

ಪೂಜೆಯ ದ್ರಾಕ್ಷಾರಸ ಸಹಜವಾಗಿರಬೇಕು, ದ್ರಾಕ್ಷಿಯದೇ ಆಗಿರಬೇಕು, ಕೆಟ್ಟಿರಬಾರದು ಎಂದು ಧರ್ಮಸಭೆಯ ಕಾನೂನಿನ 924ನೇ ವಿಧಿ ಹೇಳುತ್ತದೆ. ಕ್ರಿಸ್ಮಸ್ಸಿಗೆ ನಮ್ಮ ಮನೆಗಳಲ್ಲಿ ಜಾಡಿಯಲ್ಲಿ ಗೋಧಿ, ಲವಂಗ, ಶುಂಠಿ ಹಾಕಿ ಮಾಡುವ ವೈನ್ ಎಷ್ಟೇ ರುಚಿಯಾಗಿದ್ದರೂ ಪೀಠಕ್ಕೆ ಸಲ್ಲದು, ನೆಂಟರಿಗೆ ಸಲ್ಲುತ್ತದೆ!

2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಿತು. ಮರುವರ್ಷವೇ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಆ ನೆಲದ ಬೆಲೆ ಏರುತ್ತಲೇ ಹೋಯಿತು. ಕಲ್ಲುಕಂಬ ನೆಟ್ಟು, ತಂತಿ ಎಳೆದು, ಬಳ್ಳಿ ಹಬ್ಬಿಸಿ ಮೊದಲ ಫಸಲಿಗೆ ಎರಡು ಮೂರು ವರ್ಷ ಕಾಯಬೇಕಾದ ರೈತನ ಹೊಲದ ಬದುವಿಗೇ ಈಗ ಸೈಟು ಕೇಳುವವರು ಬಂದು ನಿಲ್ಲುತ್ತಾರೆ.